ದಿನಕ್ಕೊಂದು ಪ್ಲಾನು, ಫ್ಲೋರ್‌ನಲ್ಲಿ ಜನಕ್ಕೆ ಏನಂತ ಹೇಳ್ಲಿ?

ಸೂಜಿದಾರ

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗತ್ತೆ, ತಾಳ್ಮೆ ಇದ್ರೆ ಓದಿ.

ನಾನು ಮೈಸೂರು ರೋಡ್ ಕಡೆ ಒಂದು ಗಾರ್ಮೆಂಟ್ಸಲ್ಲಿ ಫ್ಲೋರ್ ಇನ್‌ಚಾರ್ಜ್. 16 ವರ್ಷದ ಹಿಂದೆ ಹೆಲ್ಪರ್ ಆಗಿ ಸೇರಿ ದಾರ ಕತ್ತರಿಸ್ತಿದ್ದೋಳು, ಆಮೇಲೆ ಟೈಲರ್, ಆಮೇಲೆ ಸೂಪರ್‌ವೈಸರ್, ಈಗ 4 ಲೈನ್ ನನ್ ತಲೆ ಮೇಲಿದೆ, ಟೈಲರು ಹೆಲ್ಪರು ಚೆಕಿಂಗ್ ಎಲ್ಲ ಸೇರಿ 170 ಚಿಲ್ಲರೆ ಜನ. ಹತ್ರತ್ರ ಎಲ್ರೂ ಹೆಂಗಸ್ರೇ, ಚನ್ನಪಟ್ಟಣ ಮದ್ದೂರು ಸುತ್ತಮುತ್ತ ಹಳ್ಳಿಗಳಿಂದ ಕಂಪ್ನಿ ವ್ಯಾನಲ್ಲಿ ಬರೋರು.

ನಮ್ ಮಾಲು ಮುಕ್ಕಾಲು ಪಾಲು ಅಮೆರಿಕಕ್ಕೇ ಹೋಗೋದು. 2025ರ ಆಗಸ್ಟ್ 7ಕ್ಕೆ 25 ಪರ್ಸೆಂಟ್ ಸುಂಕ ಅಂತ ಬಂತಲ್ಲ, ಆಮೇಲೆ 27ಕ್ಕೆ ಅದ್ರ ಮೇಲೆ ಇನ್ನೊಂದ್ 25, ಒಟ್ಟು 50. ಆ 27 ಗಣೇಶನ ಹಬ್ಬ. ನಾನು ಮನೇಲಿ ಕಡುಬು ಬೇಯೋಕಿಟ್ಟು ನಿಂತಿದ್ದೆ, ಪಿಎಂ ಸರ್ (ಪ್ರೊಡಕ್ಷನ್ ಮ್ಯಾನೇಜರ್) ಮೆಸೇಜ್ ಬಂತು, "2ನೇ ಲೈನ್ ಕಟಿಂಗ್ ಹೋಲ್ಡ್" ಅಂತ, ಅಷ್ಟೇ. ಯಾಕೆ, ಎಷ್ಟ್ ದಿನ, ಏನೂ ಇಲ್ಲ. ಅವತ್ತಿಂದ ಶುರುವಾದ ಕಥೆ.

ಒಂದ್ ವಾರದ್ದು ಮಾತ್ರ ಹೇಳ್ತೀನಿ. ಸೋಮವಾರ ಲೇಡೀಸ್ ಟಾಪ್ ಓಡ್ತಿತ್ತು. ಮಂಗಳವಾರ ಬಯ್ಯರ್ ಹೋಲ್ಡ್ ಅಂದ್ರು, ಮಧ್ಯಾಹ್ನದಿಂದ ಎರಡು ಲೈನ್ ಖಾಲಿ. ಬುಧವಾರ ಇಲ್ಲೇ ನಮ್ ದೇಶದ ಬ್ರಾಂಡ್ ಒಂದ್ರದ್ದು ಫುಲ್ ಶರ್ಟ್ ತಂದು ಲೋಡ್ ಮಾಡಿದ್ರು, ಮಿಷಿನ್ ಲೇಔಟ್ ಬದಲಾಯಿಸೋಕೇ ಅರ್ಧ ದಿನ ಹೋಯ್ತು. ಗೊತ್ತಿರೋರಿಗೆ ಗೊತ್ತು, ಹೊಸ ಸ್ಟೈಲ್ ಹಾಕಿದ ಮೊದಲ್ನೇ ದಿನ ಗಂಟೆಗೆ 30 ಪೀಸ್ ಬಂದ್ರೆ ಪುಣ್ಯ, ಕೈ ಕೂತು 80ಕ್ಕೆ ಬರೋಕೆ ಮೂರ್ನಾಕು ದಿನ ಬೇಕು. ಅದು ಬರೋಕೆ ಮುಂಚೆನೇ ಗುರುವಾರ ಸಾಯಂಕಾಲ ಫೋನು, ಟಾಪ್ ಹೋಲ್ಡ್ ತೆಗ್ದಿದಾರೆ, ಸೋಮವಾರ ಶಿಪ್‌ಮೆಂಟ್, ಶನಿವಾರ ಭಾನುವಾರ ಓಟಿ ಹಾಕ್ಸಿ ಅಂತ. ನಾನು ಅವತ್ತು ಬೆಳಿಗ್ಗೆ ತಾನೇ ಎಲ್ರಿಗೂ ಕೂಗಿ ಹೇಳಿದ್ದೆ, ಕೆಲ್ಸ ಕಮ್ಮಿ ಇದೆ ಶನಿವಾರ ರಜ ತಗೊಳ್ಳಿ ಅಂತ.

ಶುಕ್ರವಾರ ಓಟಿ ಅಂದಾಗ ಕಾಲರ್ ಹಾಕೋ ಅಕ್ಕ ಒಬ್ರು, ನಂಗೆ ಟೈಲರಿಂಗ್ ಕಲಿಸಿದೋರೇ ಅವ್ರು, ಮಿಷಿನ್ ನಿಲ್ಸಿ ನನ್ ಮುಖ ನೋಡಿ, "ಅಲ್ಲ ಕಣವ್ವ, ನೆನ್ನೆ ರಜ ಅಂದೋಳೂ ನೀನೆ, ಇವತ್ತು ಓಟಿ ಅನ್ನೋಳೂ ನೀನೆ, ನಿನ್ ಮಾತ್ನಲ್ಲಿ ಯಾವ್ದ ಹಿಡ್ಕಳದು" ಅಂದ್ರು. ಜೋರಾಗೂ ಅನ್ಲಿಲ್ಲ. ಇಡೀ ಲೈನ್ ಕೇಳಿಸ್ಕೊಂಡ್ತು.

ಅದೇ ದಿನ ಒಬ್ಳು ಹೆಲ್ಪರ್ ಹುಡುಗಿ ಎಂ ಸೈಜ್ ಕಾಲರ್ ಬಂಡಲ್ ತಗೊಂಡೋಗಿ ಎಲ್ ಸೈಜ್ ಬಾಡಿ ಜತೆ ಇಟ್ಬಿಟ್ಳು, 40 ಪೀಸ್ ಆಲ್ಟರ್, ಅಂದ್ರೆ ಬಿಚ್ಚಿ ಮತ್ತೆ ಹೊಲೀಬೇಕು. ನಾನು ಕಿರುಚಿದ್ದು ಎಂಡ್ ಟೇಬಲ್ ತನಕ ಕೇಳಿಸ್ತಂತೆ. ನಂಗ್ ಹಿಂಗೇ ಯಾರೋ ಕಿರುಚಿದಾಗ ನಾನ್ ಯಾವತ್ತೂ ಹಿಂಗಾಗಲ್ಲ ಅಂದ್ಕೊಂಡಿದ್ದೆ. ಬಾತ್‌ರೂಮಿಗೆ ಹೋಗಿ ಅತ್ತು ಮುಖ ತೊಳ್ಕೊಂಡ್ ಬಂದೆ.

ಟ್ರೈನಿಂಗ್ ರೂಮ್ ಗೋಡೆ ಮೇಲೆ ಬಿದಿರು ಗಾಳಿಗೆ ಬಗ್ಗಿರೋ ಚಿತ್ರ ಅಂಟ್ಸಿದಾರೆ, ಲೀಡರ್ ಅಂದ್ರೆ ಹಿಂಗಿರ್ಬೇಕು ಅಂತ. ಬಗ್ಗೋದು ನಂಗೂ ಗೊತ್ತು. ಆದ್ರೆ ದಿನಾ ನಾಕ್ ದಿಕ್ಕಿಗೆ ಬಗ್ಗಿದ್ರೆ ಜನ ಬಿದಿರು ಅನ್ನಲ್ಲ, ಬುಡ ಇಲ್ದೋಳು ಅಂತಾರೆ. ಇಂತ ಟೈಮಲ್ಲಿ ಮಾತಿಗೂ ಬೆಲೆ ಉಳಿಸ್ಕೊಂಡು, ತಲೆನೂ ಕೆಡಿಸ್ಕೊಳ್ದೆ ನಡ್ಸಿದೋರು ಯಾರಾದ್ರೂ ಇದ್ರೆ ಹೆಂಗೆ ಅಂತ ಹೇಳಿ. ರಾಜೀನಾಮೆ ಕೊಡಿ ಅನ್ನೋ ಸಲಹೆ ಮಾತ್ರ ಬೇಡ, ಮಗಳು ಡಿಪ್ಲೊಮಾ ಎರಡ್ನೇ ವರ್ಷ.

ಬುಷ್_ಪಿನ್

ಅಕ್ಕ, ನಾನು ಪೀಣ್ಯದಲ್ಲಿ ಸಣ್ಣ ಸಿಎನ್‌ಸಿ ಶಾಪ್ ಇಟ್ಕೊಂಡಿದೀನಿ, 14 ಜನ. ನಿಮ್ ಬಯ್ಯರ್ ಕಥೆ ಓದ್ತಾ ನಮ್ ಕಸ್ಟಮರ್ ಶೆಡ್ಯೂಲ್ ನೆನಪಾಯ್ತು, ಅವ್ರದ್ದು ತಿಂಗಳಿಗೆ ಮೂರು ಸಲ "ಫೈನಲ್" ಆಗತ್ತೆ.

ಒಂದ್ ಉದಾಹರಣೆ ಹೇಳ್ತೀನಿ. ನಮ್ ಶೆಡ್ಡಿಂದ ಸ್ವಲ್ಪ ದೂರದಲ್ಲೇ ಇಸ್ರೋದ ಇಸ್ಟ್ರ್ಯಾಕ್ ಇದೆ, ನೌಕೆಗಳಿಗೆ ಕಮ್ಯಾಂಡ್ ಕಳಿಸೋ ಕೇಂದ್ರ, ಚಂದ್ರಯಾನ ಇಳಿಸಿದ್ದು ಅಲ್ಲಿಂದ್ಲೇ. 2019ರ ಸೆಪ್ಟೆಂಬರ್ 7ರ ಬೆಳಗಿನ ಜಾವ ಚಂದ್ರಯಾನ-2ರ ಲ್ಯಾಂಡರ್ ವಿಕ್ರಮ್ ಕೈಕೊಡ್ತಲ್ಲ, ಅದ್ಯಾಕಾಯ್ತು ಅಂತ 2023ರಲ್ಲಿ ಆಗಿನ ಅಧ್ಯಕ್ಷ ಸೋಮನಾಥ್ ಬಿಡಿಸಿ ಹೇಳಿದ್ರು. ಎಂಜಿನ್‌ಗಳು ಅಂದ್ಕೊಂಡಿದ್ದಕ್ಕಿಂತ ಸ್ವಲ್ಪ ಜಾಸ್ತಿ ತಳ್ಳಿದ್ವು, ಆ ತಪ್ಪು ಸೇರ್ತಾ ಸೇರ್ತಾ ಬಂತು, ಸರಿ ಮಾಡ್ಕೊಳ್ಳೋಕೆ ನೌಕೆ ಜೋರಾಗಿ ತಿರುಗ್ಬೇಕಾಯ್ತು, ಆದ್ರೆ ಇಷ್ಟೇ ತಿರುಗ್ಬೇಕು ಅಂತ ಸಾಫ್ಟ್‌ವೇರಲ್ಲಿ ಮಿತಿ ಇತ್ತು. ಮೂರ್ನೇದು ನಂಗೆ ಮನಸ್ಸಿಗೆ ನಾಟಿದ್ದು. ಇಳಿಯೋ ಜಾಗ 500 ಮೀಟರ್‌ಗೆ 500 ಮೀಟರ್ ಅಂತ ಕಟ್ಟಿಟ್ಟಿದ್ರು. ನೆಲ ಹತ್ರ ಬಂದಿದೆ, ಜಾಗ ಇನ್ನೂ ದೂರ ಇದೆ, ಅಲ್ಲಿಗೇ ಹೋಗ್ಬೇಕು ಅಂತ ಅದು ಸ್ಪೀಡ್ ಜಾಸ್ತಿ ಮಾಡ್ಕೊಳ್ತು.

ಚಂದ್ರಯಾನ-3ಕ್ಕೆ ಜಾಗನ 4 ಕಿಲೋಮೀಟರ್‌ಗೆ 2.4 ಕಿಲೋಮೀಟರ್ ಮಾಡಿದ್ರು. ಇಂಧನ ಜಾಸ್ತಿ, ಕಾಲು ಗಟ್ಟಿ. 2023ರ ಆಗಸ್ಟ್ 23ರ ಸಾಯಂಕಾಲ ನಾನು ಹುಡುಗ್ರಿಗೆಲ್ಲ ಮಿಷಿನ್ ಆಫ್ ಮಾಡ್ಸಿ ಮೊಬೈಲಲ್ಲಿ ತೋರಿಸ್ದೆ.

ನಿಮ್ ಪಿಎಂ ಪ್ಲಾನು 500ಕ್ಕೆ 500 ತರ ಇದೆ. 4 ಲೈನಿಗೂ ನೂರಕ್ಕೆ ನೂರು ಲೋಡ್ ಹಾಕಿ ಆಮೇಲೆ ಬಗ್ಗು ಅಂದ್ರೆ ಎಲ್ಲಿಗ್ ಬಗ್ಗೋದು, ಜಾಗನೇ ಇಲ್ವಲ್ಲ. ನಾನ್ ಮಾಡಿದ್ದು ಇಷ್ಟೇ. ಯಾವ್ ಮಿಷಿನ್ನಿಗಾದ್ರೂ ಹಾಕ್ಬೋದಾದ ಇಬ್ರು ಹುಡುಗ್ರನ್ನ ರೆಗ್ಯುಲರ್ ಪ್ಲಾನಲ್ಲಿ ಎಣ್ಸೋದೇ ಇಲ್ಲ. ಮೊದಲು ಹೊಟ್ಟೆ ಉರೀತಿತ್ತು ಸಂಬಳ ಕೊಟ್ಟು ಕೂರಿಸ್ದಂಗೆ ಅಂತ. ಈಗ ಅವರಿಬ್ರಿಂದ್ಲೇ ನಿದ್ದೆ ಬರ್ತಿರೋದು. ನಿಮ್ಮಲ್ಲಿ ಕಾಲರು ಕಫ್ಫು ಪ್ಲಾಕೆಟ್ (ಗುಂಡಿ ಪಟ್ಟಿ) ಮೂರೂ ಬರೋರು ಎಷ್ಟ್ ಜನ ಇದಾರೆ, ಅದನ್ನ ಬರ್ದಿಟ್ಕೊಳ್ಳಿ ಮೊದಲು.

ಲೈನ್‌ಕ್ಲಿಯರ್

ತಂಗಿ, ನಾನು ಕರೆಂಟ್ ಇಲಾಖೇಲಿ ಸೆಕ್ಷನ್ ಆಫೀಸರ್ ಆಗಿದ್ದು ರಿಟೈರ್ ಆದೋನು, ಕೊನೇ ಹನ್ನೊಂದು ವರ್ಷ ಮಲೆನಾಡಿನ ಒಂದು ಸೆಕ್ಷನ್ನು. ಜೂನ್ ಬಂತು ಅಂದ್ರೆ ಮೂರು ತಿಂಗಳು ನಮಗೆ ಪ್ಲಾನ್ ಅನ್ನೋದೇ ಇಲ್ಲ. ಬೆಳಿಗ್ಗೆ ಏಳಕ್ಕೆ ಕೂತು ಇವತ್ತು ಈ ಫೀಡರ್ ಅಂತ ಬರ್ದಿರ್ತೀವಿ, ಏಳೂಕಾಲಿಗೆ ಇನ್ನೊಂದ್ ಕಡೆ ಮರ ಬಿದ್ದು ಆರು ಕಂಬ ಮಲಗಿರ್ತಾವೆ. ಗ್ಯಾಂಗಲ್ಲಿ ಎಂಟು ಜನ, ಜೀಪು ಒಂದೇ. ಆಸ್ಪತ್ರೆ ಲೈನ್ ಮೊದ್ಲು ಅಂತ ಹೊರಟ್ರೆ ನೀರಿನ ಪಂಪ್‌ಹೌಸ್ ಹೋಗಿದೆ ಅಂತ ಪಂಚಾಯ್ತಿಯೋರು ದಾರೀಲೇ ಅಡ್ಡ ನಿಲ್ತಾರೆ.

ಹೊಸದ್ರಲ್ಲಿ ನಾನೂ ನಿನ್ ತರಾನೇ. ಮೇಲಿಂದ ಫೋನ್ ಬಂದ ತಕ್ಷಣ ಅದನ್ನ ಹಂಗೇ ಲೈನ್‌ಮೆನ್ ಕಿವಿಗೆ ಹಾಕ್ತಿದ್ದೆ. ಅಲ್ಲಿಗ್ ಹೋಗಿ, ಬೇಡ ಇಲ್ಲಿಗ್ ಬನ್ನಿ, ಅರ್ಧ ಏರಿಸಿದ ಕಂಬ ಬಿಟ್ಟು ಬನ್ನಿ. ಒಂದಿನ ಹಳೇ ಮೇಸ್ತ್ರಿ ಒಬ್ಬ ಹೇಳ್ದ, "ಸಾರ್, ನೀವು ಫೋನ್ ಆಗ್ಬೇಡಿ, ಆಫೀಸರ್ ಆಗಿ" ಅಂತ. ಸಿಟ್ಟು ಬಂತು. ರಾತ್ರಿ ಮಲಗಿದಾಗ ಸರಿ ಅನ್ನಿಸ್ತು.

ಆಮೇಲೆ ದಿನಕ್ಕೆ ಮೂರೇ ಸಲ ಪ್ಲಾನ್ ಬದಲಾಯಿಸೋದು ಅಂತ ಇಟ್ಕೊಂಡೆ. ಬೆಳಿಗ್ಗೆ ಏಳು, ಮಧ್ಯಾಹ್ನ ಒಂದು, ಸಾಯಂಕಾಲ ಐದು. ನಡುವೆ ಏನೇ ಫೋನ್ ಬರ್ಲಿ, ಪ್ರಾಣದ ವಿಷ್ಯ ಅಲ್ದಿದ್ರೆ ನನ್ ಪುಸ್ತಕದಲ್ಲಿ ಬರ್ದಿಡ್ತಿದ್ದೆ, ಕಂಬದ ಮೇಲಿರೋನಿಗೆ ಹೇಳ್ತಿರ್ಲಿಲ್ಲ. ಮೇಲಿನೋರು ಬೈದ್ರು. ಬೈಸ್ಕೊಳ್ಳೋಕೇ ತಾನೆ ಸಂಬಳದಲ್ಲಿ ಸ್ವಲ್ಪ ಜಾಸ್ತಿ ಕೊಡೋದು. ನೀನೂ ನೋಡು, ಆ ಗುರುವಾರ ಬೆಳಿಗ್ಗೆ ರಜ ಅಂತ ಹೇಳೋ ಅವಸರ ಏನಿತ್ತು? ನಿಂಗೇ ಗಟ್ಟಿಯಾಗಿ ಗೊತ್ತಿರ್ಲಿಲ್ಲ. "ಶನಿವಾರದ್ದು ಶುಕ್ರವಾರ ಮಧ್ಯಾಹ್ನ ಊಟಕ್ಕೆ ಮುಂಚೆ ಹೇಳ್ತೀನಿ" ಅಂದಿದ್ರೆ ಆ ಅಕ್ಕ ನಿನ್ ಮಾತು ಹಿಡ್ಕೊಳ್ಳೋಕೆ ಏನಾದ್ರೂ ಇರ್ತಿತ್ತು.

ಇನ್ನೊಂದು. ಎಲ್ಲ ಬದಲಾಗೋ ಕಡೆ ಬದಲಾಗ್ದೇ ಇರೋದು ಒಂದಿರ್ಬೇಕು, ಅದೇನು ಅಂತ ಜನಕ್ಕೆ ಗೊತ್ತಿರ್ಬೇಕು. ನಮ್ದು ಎಲ್‌ಸಿ, ಲೈನ್ ಕ್ಲಿಯರ್, ಅಂದ್ರೆ ಲೈನಲ್ಲಿ ಕರೆಂಟ್ ತೆಗ್ದಿದೀವಿ, ಕೆಲ್ಸ ಮಾಡ್ಬೋದು ಅನ್ನೋ ಅನುಮತಿ. ಸಬ್‌ಸ್ಟೇಷನ್ನಿಂದ ಎಲ್‌ಸಿ ತಗೋಬೇಕು, ಜಿಓಎಸ್ (ಕಂಬದ ಮೇಲಿನ ಲೈನ್ ಸ್ವಿಚ್ಚು) ಬಿಚ್ಚಬೇಕು, ಡಿಸ್ಚಾರ್ಜ್ ರಾಡ್ ಹಾಕಿ ಅರ್ಥ್ ಮಾಡ್ಬೇಕು, ಆಮೇಲೇ ಕಂಬ ಹತ್ತೋದು. ಮಂತ್ರಿ ಮನೆ ಕರೆಂಟ್ ಹೋಗಿರ್ಲಿ, ಮದುವೆ ಮನೆ ಇರ್ಲಿ. ಒಂದ್ ರಾತ್ರಿ ಒಂಬತ್ತು ಗಂಟೆ ಇರ್ಬೋದು, ಮಳೆ ಅಂದ್ರೆ ಟಾರ್ಚ್ ಬೆಳಕು ಮೂರ್ ಅಡಿ ದಾಟಲ್ಲ ಅಂತ ಮಳೆ. ಹುಡುಗ ಫೋನ್ ಮಾಡ್ದ, "ಸಾರ್, ಎಲ್‌ಸಿ ಕೊಟ್ಟಿದಾರೆ, ಒಂದೇ ಜಂಪರ್ ವೈರ್ ಜೋಡಿಸೋದು, ಹತ್ ನಿಮಿಷದ ಕೆಲ್ಸ, ಹತ್ಲಾ?" ರಾಡ್ ಹಾಕಿದ್ಯಾ ಅಂದೆ. "ಜೀಪಲ್ಲಿದೆ ಸಾರ್, ಜೀಪು ಹಳ್ಳದಾಚೆ." ತಗೊಂಡ್ ಬಾ ಅಂದೆ. ಊರೋರು ಅವನ ಸುತ್ತ ನಿಂತು ಬೈತಿರೋದು ನಂಗೆ ಫೋನಲ್ಲೇ ಕೇಳಿಸ್ತಿತ್ತು. ಇಪ್ಪತ್ ನಿಮಿಷ. ರಾಡ್ ತಾಗ್ಸಿದ್ ಕೂಡ್ಲೆ ಚಟ್ ಅಂತ ಕಿಡಿ. ಮುಂದಿನ ತಿರುವಲ್ಲಿ ಯಾರೋ ಮನೆಗೆ ಜನರೇಟರ್ ಹಾಕ್ಕೊಂಡಿದ್ರು, ಮೇನ್ ಸ್ವಿಚ್ ತೆಗೀದೇ. ಅದು ಟ್ರಾನ್ಸ್‌ಫಾರ್ಮರ್ ಮೂಲಕ ಉಲ್ಟಾ ಲೈನಿಗೆ ಬರ್ತಿತ್ತು.

ಆ ಹುಡುಗ ಈಗ ಮೇಸ್ತ್ರಿ. ದೀಪಾವಳಿಗೆ ಬರ್ತಾನೆ ಮನೆಗೆ.

ನಿನ್ ಫ್ಲೋರ್‌ನಲ್ಲಿ ಎಲ್‌ಸಿ ಯಾವ್ದು ಅಂತ ಯೋಚ್ನೆ ಮಾಡು ತಂಗಿ. ಅದನ್ನ ನಾನ್ ಹೇಳೋಕಾಗಲ್ಲ.

ಬಾಬಿನ್‌ಕೇಸ್

ಎಲ್ರೂ ಅಕ್ಕನಿಗೇ ಪಾಠ ಹೇಳ್ತಿದೀರಲ್ಲ, ಚೆನ್ನಾಗಿದೆ. ನಾನೂ 9 ವರ್ಷ ಲೈನಲ್ಲಿ ಕೂತಿದ್ದೋಳು, ಮಿಷಿನ್ ಮುಂದೆ, ಇನ್‌ಚಾರ್ಜ್ ಸೀಟಲ್ಲಲ್ಲ. ನಮ್ ಕಡೆಯಿಂದ ಹೆಂಗ್ ಕಾಣತ್ತೆ ಅಂತ ಹೇಳ್ತೀನಿ.

ಪ್ಲಾನ್ ಬದಲಾದ್ರೆ ನಮ್ಗೇನೂ ಕೋಪ ಇಲ್ಲ. ಟಾಪೋ ಶರ್ಟೋ, ಹೊಲಿಯೋದೇ. ನಮ್ ತಲೇಲಿ ಓಡೋದೇ ಬೇರೆ, ಕೆಲ್ಸ ಇರತ್ತಾ? ಈ ತಿಂಗಳು ಕೂರ್ಸಿದ ದಿನಕ್ಕೆ ಸಂಬಳ ಹಾಕ್ತಾರಾ ಇಲ್ಲ ರಜೆಗೆ ಹಿಡ್ಕೋತಾರಾ? ಓಟಿಗೆ ಡಬಲ್ ಕೊಡ್ತಾರಾ ಇಲ್ಲ ಕಾಂಪ್ ಆಫ್, ಬದಲಿ ರಜ ತಗೋ ಅಂತಾರಾ? ಅದನ್ನ ಒಬ್ರೂ ಬಾಯ್ಬಿಟ್ ಹೇಳಲ್ಲ, "ಟಾರ್ಗೆಟ್ ಟಾರ್ಗೆಟ್" ಅಂತ ಮಾತ್ರ ಮೈಕಲ್ಲಿ ಹೇಳ್ತಾರೆ. ಹೇಳ್ದೇ ಇದ್ರೆ ಏನಾಗತ್ತೆ ಅಂತ 2016ರ ಏಪ್ರಿಲಲ್ಲಿ ಬೆಂಗ್ಳೂರು ನೋಡಿದೆ. ಪಿಎಫ್‌ನಲ್ಲಿ ಕಂಪ್ನಿ ಹಾಕಿದ ದುಡ್ಡು 58 ವರ್ಷ ಆಗೋ ತನಕ ತೆಗ್ಯೋಂಗಿಲ್ಲ ಅಂತ ರೂಲ್ ಬಂತು, ಬಿಡಿಸಿ ಹೇಳೋರು ಯಾರೂ ಇಲ್ಲ, ಬಾಯಿಂದ ಬಾಯಿಗೆ ಹೋಯ್ತು, ಹೊಸೂರು ರೋಡು ತುಮಕೂರು ರೋಡು ಎರಡೂ ಹೆಂಗಸ್ರಿಂದ ತುಂಬೋಯ್ತು. ಯಾವ ಯೂನಿಯನ್ನೂ ಕರೆ ಕೊಟ್ಟಿರ್ಲಿಲ್ಲ. ಎರಡ್ನೇ ದಿನ ಸಾಯಂಕಾಲಕ್ಕೆ ಡೆಲ್ಲಿಯೋರು ರೂಲ್ ವಾಪಸ್ ತಗೊಂಡ್ರು. ನಾನೂ ಇದ್ದೆ, ಚಪ್ಪಲಿ ಒಂದು ಅಲ್ಲೇ ಹೋಯ್ತು.

ಅದಕ್ಕೇ ಹೇಳೋದು ಅಕ್ಕ, ನಿಮ್ಮ ಎಲ್‌ಸಿ ಯಾವ್ದು ಅಂದ್ರೆ ಸಂಬಳ. ಎಚ್‌ಆರ್ ಹತ್ರ ಹೋಗಿ ಕೂತು ಕೇಳಿ, ಖಾಲಿ ಕೂತ ದಿನ ಏನು ಅಂತ. ಒಂದು ವರ್ಷ ಸರ್ವಿಸ್ ಆದೋರನ್ನ ಲೇ-ಆಫ್ ಮಾಡಿದ್ರೆ ಬೇಸಿಕ್ ಪ್ಲಸ್ ಡಿಎನಲ್ಲಿ ಅರ್ಧ ಕೊಡ್ಬೇಕು ಅಂತ ಕಾನೂನಿದೆ, ಸುಮ್ನೆ ಮನೆಗೆ ಕಳಿಸೋಂಗಿಲ್ಲ. ಅದನ್ನ ತಿಳ್ಕೊಂಡು ಬಂದು ಲೈನಲ್ಲಿ ಹೇಳಿ. ಬಿದಿರು ಗಿದಿರು ಆಮೇಲೆ ನೋಡೋಣ.

ಮತ್ತೆ ಇನ್ನೊಂದು, ಬೇಜಾರ್ ಮಾಡ್ಕೋಬೇಡಿ. ಆ ಹೆಲ್ಪರ್ ಹುಡುಗಿಗೆ ಬಾತ್‌ರೂಮಲ್ಲಿ ಅಳೋಕೂ ಟೋಕನ್ ಬೇಕು.

ಸೂಜಿದಾರ

ಬಾಬಿನ್‌ಕೇಸ್ ಅವ್ರೆ, ಕೊನೇ ಸಾಲು ಓದಿ ಮೊಬೈಲ್ ಕೆಳಗಿಟ್ಬಿಟ್ಟೆ. ನಿಜ. ನಮ್ಮಲ್ಲಿ ಟೋಕನ್ ಇಲ್ಲ, ಆದ್ರೂ ನಿಜ.

ಲೈನ್‌ಕ್ಲಿಯರ್ ಸರ್, ಮೂರ್ ಸಲ ಅನ್ನೋದು ಹಿಡಿಸ್ತು. ಆದ್ರೆ ನಂಗೊಂದು ಅನುಮಾನ. ಹೇಳ್ದೇ ಇಟ್ಕೊಂಡ್ರೆ ಮುಚ್ಚಿಟ್ಟಂಗೆ ಆಗಲ್ವಾ? ಆಫೀಸ್ ಕಡೆಯಿಂದ ಡ್ರೈವರ್‌ಗೆ, ಡ್ರೈವರಿಂದ ವ್ಯಾನಲ್ಲಿ ಎಲ್ರಿಗೂ ನನ್ಗಿಂತ ಮುಂಚೆನೇ ಗೊತ್ತಾಗಿರತ್ತೆ. ನಾನ್ ಬಾಯಿ ಮುಚ್ಕೊಂಡಿದ್ರೆ ಇವ್ಳಿಗೂ ಪಾಲಿದೆ ಅಂತಾರೆ.

ಚೌಕಿಮನೆ

ನಮಸ್ಕಾರ. ನಂದು ಕುಂದಾಪುರ ಬದಿ, ಬ್ಯಾಂಕಲ್ಲಿ ಕೆಲಸ, ರಜೆಯಲ್ಲಿ ಮದ್ದಳೆ ಬಾರಿಸುವ ಹುಚ್ಚು. ಈ ಪ್ರಶ್ನೆ ಓದಿ ನನಗೆ ಭಾಗವತರೇ ನೆನಪಾದದ್ದು. ಯಕ್ಷಗಾನದಲ್ಲಿ ಭಾಗವತರನ್ನು ಒಂದನೇ ವೇಷ ಅಂತ ಹೇಳುವುದುಂಟು, ಅವರು ವೇಷ ಕಟ್ಟದಿದ್ರೂ. ಪದ್ಯ ಹಾಡಿ ಇಡೀ ಆಟ ನಡೆಸುವವರು ಅವರೇ, ಅದೂ ಎಲ್ಲರೆದುರು ಕೂತುಕೊಂಡು, ಮರೆಯಲ್ಲಿ ಅಲ್ಲ.

ನಾನು ಕಂಡ ಒಂದು ಆಟ ಹೇಳ್ತೇನೆ. ಏಪ್ರಿಲ್ ಕೊನೆ ಇರಬೇಕು, ಗದ್ದೆಯಲ್ಲಿ ಬಯಲಾಟ. ಎರಡನೇ ಪ್ರಸಂಗದ ಮುಖ್ಯ ವೇಷಧಾರಿ ಬೇರೆ ಕಡೆಯಿಂದ ಬರಬೇಕಿತ್ತು, ಘಟ್ಟದಲ್ಲಿ ಲಾರಿ ಅಡ್ಡ ಬಿದ್ದು ರಸ್ತೆ ಬಂದ್. ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚಿ ವೇಷ ಕಟ್ಟುವ ಜಾಗದಲ್ಲಿ, ಗಡಿಬಿಡಿ, ಮ್ಯಾನೇಜರ್ ರಂಗಸ್ಥಳದ ಹಿಂದೆ ಬಂದು ಭಾಗವತರ ಕಿವಿಯಲ್ಲಿ ಹೇಳಿ ಹೋದರು. ನಾನು ಪಕ್ಕದಲ್ಲೇ ಮದ್ದಳೆಯಲ್ಲಿದ್ದೆ ಮಾರಾಯ್ರೆ, ನನ್ನ ಕೈ ಬೆವರಿತು. ಅವರು ತಾಳ ಬಿಡಲಿಲ್ಲ. ಕಣ್ಣಲ್ಲೇ ನನಗೂ ಚಂಡೆಯವರಿಗೂ ಒಂದು ನೋಟ, ನಿಧಾನ ಅಂತ. ಆಮೇಲೆ ಸಾಧಾರಣ ಬಿಟ್ಟು ಹೋಗುವ ಎರಡು ಪದ್ಯ ತೆಗೆದುಕೊಂಡರು. ರಂಗದಲ್ಲಿದ್ದ ಇಬ್ಬರಿಗೂ ಅರ್ಥವಾಯ್ತು, ಅರ್ಥಗಾರಿಕೆ (ಮಾತು) ಬೆಳೆಸಿದರು, ಹಾಸ್ಯದವರು ಕರೆಯದೆಯೇ ಒಳಗೆ ಬಂದರು. ಮುಕ್ಕಾಲು ಗಂಟೆ ಹಾಗೇ ಹೋಯಿತು. ಎದುರು ಕೂತ ಜನಕ್ಕೆ ಇವತ್ತು ಮಾತು ಭಾರೀ ಗಮ್ಮತ್ತು ಅಂತ ಕಂಡಿತೇ ಹೊರತು ಬೇರೆ ಏನೂ ಗೊತ್ತಾಗಲಿಲ್ಲ.

ಇಲ್ಲಿ ನೋಡಿ, ಭಾಗವತರು ಯಾರಿಂದ ಮುಚ್ಚಿಟ್ಟರು, ಯಾರಿಗೆ ಹೇಳಿದರು? ಪ್ರೇಕ್ಷಕರಿಗೆ ಹೇಳಲಿಲ್ಲ. ಬಾರಿಸುವ ಹಿಮ್ಮೇಳಕ್ಕೂ ಕುಣಿಯುವ ಮುಮ್ಮೇಳಕ್ಕೂ ಆ ಕ್ಷಣವೇ ಗೊತ್ತಾಯಿತು. ನಿಮ್ಮ ಟೈಲರ್‌ಗಳು ಪ್ರೇಕ್ಷಕರಲ್ಲ ಅಕ್ಕ, ಹಿಮ್ಮೇಳ. ಬಯ್ಯರ್ ಪ್ರೇಕ್ಷಕ. ಮ್ಯಾನೇಜ್‌ಮೆಂಟಿನವರು ಇದನ್ನು ಉಲ್ಟಾ ಮಾಡುವುದೇ ಹೆಚ್ಚು, ಬಯ್ಯರಿಗೆ ಎಲ್ಲ ವರದಿ, ಮಿಷಿನ್ ಮೇಲೆ ಕೂತವರಿಗೆ ಸೊನ್ನೆ. ಹಾಗಾಗಿ ಲೈನ್‌ಕ್ಲಿಯರ್ ಅವರ ಮಾತಿಗೆ ನನ್ನದೊಂದು ಸಣ್ಣ ತಕರಾರು ಉಂಟು. ಕಂಬದ ಮೇಲಿರುವವನಿಗೆ ಹೇಳದೇ ಇರುವುದು ಸರಿ, ಅವನ ಗಮನ ತಪ್ಪಬಾರದು. ಆದರೆ ಕೂತು ಕಾಯುವವರಿಗೆ ಹೇಳದಿದ್ದರೆ ಅವರು ತಾವೇ ಒಂದು ಪ್ರಸಂಗ ಕಟ್ಟಿಕೊಳ್ತಾರೆ.

ಮತ್ತೊಂದು, ಕಿರುಚಿದ ವಿಷಯ. ಹೊಸ ಹುಡುಗ ಕುಣಿಯುವಾಗ ತಾಳ ತಪ್ಪಿದರೆ ಒಳ್ಳೆ ಭಾಗವತರು ಅವನನ್ನು ದುರುಗುಟ್ಟಿ ನೋಡುವುದಿಲ್ಲ. ಪದ್ಯವನ್ನೇ ಸ್ವಲ್ಪ ಎಳೆದು ಅವನ ಹೆಜ್ಜೆ ಬಂದು ಕೂರುವಲ್ಲಿ ತಾಳ ಹಾಕ್ತಾರೆ. ಬೈಯುವುದು ಚೌಕಿಗೆ ಹೋದ ಮೇಲೆ. ಬೈಯುವುದೇ ಇಲ್ಲ ಅಂತ ಅಲ್ಲ, ಸರಿಯಾಗಿಯೇ ಬೈತಾರೆ, ನನಗೆ ಅನುಭವ ಉಂಟು.

ಗಿರ್ಮಿಟ್

ಅಕ್ಕಾರ ನಮಸ್ಕಾರ್ರೀ, ಧಾರವಾಡದಿಂದ. ಈ ವಿಷಯ ಬಂದ್ರ ಶ್ಯಾಕಲ್ಟನ್ ಹೆಸರ ಬರಲಿಕ್ಕೇ ಬೇಕು, ಯಾರೂ ತಗದಿಲ್ಲ ಅಂದ್ರ ನಾನs ತಗೀತೇನಿ. ದಕ್ಷಿಣ ಧ್ರುವದ ಖಂಡಾನ ಈ ತುದಿಯಿಂದ ಆ ತುದಿಗೆ ದಾಟ್ತೇನಿ ಅಂತ 1914ರಾಗ ಹೊಂಟಾವ. 1915ರ ಜನವರಿಯಾಗ ಹಡಗ ಮಂಜಿನಾಗ ಸಿಕ್ಕೊಂತು, ಅಕ್ಟೋಬರದಾಗ ಒಡದು ಬಿಟ್ಟ ಇಳೀಬೇಕಾತು, ನವೆಂಬರದಾಗ ಮುಳುಗs ಹೋತು. 28 ಮಂದಿ ಮಂಜಿನ ಮ್ಯಾಲೆ. ಆವತ್ತs ಅವನ ಗುರಿ ಬದಲಾತು, ಖಂಡ ದಾಟೂದು ಬಿಡು, ಇಷ್ಟೂ ಮಂದೀನ ಜೀವಂತ ಮನಿ ಮುಟ್ಟಸೂದು. ನಡದು ಹೋಗೂಣ ಅಂತ ನೋಡಿದ, ಆಗಲಿಲ್ಲ, ಬಿಟ್ಟ. ಮಂಜು ಕರಗೂಮಟ ಕಾದ, ದೋಣಿ ಹತ್ತಿದ. ಸ್ವಂತ ಸಾಮಾನು ಒಬ್ಬೊಬ್ಬರಿಗೆ ಎರಡು ಪೌಂಡ್ ಅಷ್ಟs ಅಂತ ಹೇಳಿ ಎಲ್ಲಾ ಒಗಸಿದಾವ, ಒಬ್ಬನ ಬ್ಯಾಂಜೋ ಮಾತ್ರ ಇರಲಿ ಅಂದ, ಮಂದಿಗೆ ಹಾಡ ಬೇಕು ಅಂತ. ಕಿರಿಕಿರಿ ಮಾಡೂ ಮಂದೀನ ತನ್ನ ಟೆಂಟಿನಾಗs ಮಲಗಿಸ್ಕೊಂತಿದ್ದ. ಕಡೀಗೆ ಎಲಿಫೆಂಟ್ ದ್ವೀಪದಾಗ ಬಿಟ್ಟ ಬಂದಿದ್ದ 22 ಮಂದೀನ ಕರಕೊಂಡ ಬರಾಕ ಮೂರು ಸಲ ಹೋಗಿ ಸೋತು ನಾಕನೇ ಸಲಕ್ಕ, 1916ರ ಆಗಸ್ಟ್ 30ಕ್ಕ, ಮುಟ್ಟಿದ. ಆ 28ರಾಗ ಒಬ್ಬನೂ ಸಾಯಲಿಲ್ರಿ.

ಅಕ್ಕಾರ, ನಿಮ್ಮ ಕಾಲರ್ ಅಕ್ಕನ್ನ ನಿಮ್ಮ ಟೆಂಟಿಗೆ ಕರಕೋರಿ. ಎದುರು ಮಾತಾಡಾಕಿನs ಮೊದಲ ಕಿವಿ.

ಬಾಬಿನ್‌ಕೇಸ್

ಗಿರ್ಮಿಟ್ ಅವ್ರೆ, ಈ ಕಥೆ ನಮ್ಗೂ ಟ್ರೈನಿಂಗಲ್ಲಿ ಹೇಳಿದ್ರು, ಬಾಲ ಕಟ್ ಮಾಡಿ. ಬಡಗಿ ಮ್ಯಾಕ್‌ನೀಶ್ ಅಂತ ಒಬ್ಬ ಇದ್ದ, ಅವನು ನಡು ಮಂಜಲ್ಲಿ ಇನ್ ನಾನ್ ನಡ್ಯಲ್ಲ ಅಂತ ಒಂದ್ಸಲ ಎದುರು ನಿಂತಿದ್ದ. ಆ ದ್ವೀಪದಿಂದ ಸಹಾಯ ತರೋಕೆ ಶ್ಯಾಕಲ್ಟನ್ ಹೋದ ಸಣ್ಣ ದೋಣಿಗೆ ಹಲಗೆ ಕಟ್ಟಿ ಎತ್ತರ ಮಾಡಿದ್ದು ಅವನೇ, ಅದಿಲ್ದಿದ್ರೆ ಯಾರೂ ಬದುಕ್ತಿರ್ಲಿಲ್ಲ. ವಾಪಸ್ ಬಂದ್ಮೇಲೆ ಎಲ್ರಿಗೂ ಪೋಲಾರ್ ಮೆಡಲ್, ಅವನಿಗೂ ಇನ್ ಮೂರು ಜನಕ್ಕೂ ಇಲ್ಲ. ಶಿಫಾರಸು ಮಾಡ್ದೇ ಬಿಟ್ಟೋನು ನಿಮ್ ಶ್ಯಾಕಲ್ಟನ್ನೇ. ಖಂಡದ ಆಚೆ ಬದಿ ಊಟ ಇಡೋಕೆ ಹೋಗಿದ್ದ ಅವನದೇ ಇನ್ನೊಂದ್ ತಂಡದಲ್ಲಿ ಮೂರ್ ಜನ ಸತ್ರು, ಅವ್ರು ಲೆಕ್ಕಕ್ಕೇ ಬರಲ್ಲ ಯಾವಾಗ್ಲೂ.

ಗಿರ್ಮಿಟ್

ಖರೆ ಐತ್ರಿ. ಮೆಡಲ್ ವಿಷಯ ನನಗೂ ನುಂಗಲಿಕ್ಕಾಗೂದಿಲ್ಲ. ಟೆಂಟಿನ ಮಾತ ಅಷ್ಟs ಇಟಗೋರಿ, ಉಳಿದದ್ದು ಬಿಡ್ರಿ.

ಲೈನ್‌ಕ್ಲಿಯರ್

ಚೌಕಿಮನೆಯವ್ರ ತಕರಾರು ಒಪ್ದೆ. ನನ್ ಜನ ಯಾವಾಗ್ಲೂ ಕಂಬದ ಮೇಲೇ ಇರ್ತಿದ್ರು, ಅದಕ್ಕೆ ನಂಗೆ ಕಾಯೋರ ಕಷ್ಟ ಗೊತ್ತಾಗ್ಲಿಲ್ಲ. ತಂಗಿ, ಗಟ್ಟಿ ಆಗಿದ್ದು ಬೇರೆ, ಗಾಳೀಲಿರೋದು ಬೇರೆ ಅಂತ ಎರಡು ಭಾಗ ಮಾಡಿ ಹೇಳು. ಗಾಳೀಲಿರೋದನ್ನೂ ಹೇಳು, ಆದ್ರೆ ಗಾಳೀಲಿದೆ ಅಂತಾನೇ ಹೇಳು.

ಸೂಜಿದಾರ

ಹನ್ನೆರಡು ದಿನ ಆದ್ಮೇಲೆ ಬರೀತಿದೀನಿ, ಸಾರಿ. ಭಾನುವಾರ ಒಂದು ಬಿಟ್ರೆ ಎಲ್ಲ ದಿನ ಫ್ಯಾಕ್ಟ್ರಿನೇ.

ಮಾಡಿದ್ದು ಏನು ಅಂದ್ರೆ, ಎಂಡ್ ಟೇಬಲ್ ಹತ್ರ ಗಂಟೆಗಂಟೆ ಪ್ರೊಡಕ್ಷನ್ ಬರಿಯೋ ಬೋರ್ಡ್ ಇದೆಯಲ್ಲ, ಅದ್ರ ಪಕ್ಕ ಇನ್ನೊಂದು ಹಳೇ ಬೋರ್ಡ್ ತರ್ಸಿ ನೇತಾಕ್ದೆ. ನಡುವೆ ಗೀಟು. ಎಡಗಡೆ "ಗ್ಯಾರಂಟಿ", ಬಲಗಡೆ "ಗೊತ್ತಿಲ್ಲ". ಬೆಳಿಗ್ಗೆ ಒಂಬತ್ತಕ್ಕೆ ಒಂದ್ಸಲ, ಮೂರೂವರೆ ಟೀ ಹೊತ್ತಿಗೆ ಒಂದ್ಸಲ ಬರಿಯೋದು. ಮೊದಲ್ನೇ ದಿನ ಬಲಗಡೆ ಐದ್ ಸಾಲು, ಎಡಗಡೆ ಒಂದೇ, "ವ್ಯಾನ್ 5.45ಕ್ಕೆ ಹೊರಡತ್ತೆ" ಅಂತ. ಎಲ್ರೂ ನಕ್ರು. ನಾನೂ ನಕ್ಕೆ. ಪಿಎಂ ಸರ್ ಮಾತ್ರ ಗೊತ್ತಿಲ್ಲ ಅಂತ ಬೋರ್ಡಲ್ಲಿ ಬರ್ದ್ರೆ ಆಡಿಟ್‌ನೋರು ನೋಡಿದ್ರೆ ಏನ್ ಅಂದ್ಕೋತಾರೆ ಅಂದ್ರು. ಆಡಿಟ್ ದಿನ ತೆಗ್ದಿಡ್ತೀನಿ ಸರ್ ಅಂದೆ.

ಎಚ್‌ಆರ್ ಹತ್ರ ಮೂರ್ ಸಲ ಹೋದೆ. ಮೂರ್ನೇ ಸಲಕ್ಕೆ ಖಾಲಿ ಕೂತ ದಿನನ ರಜೆಗೆ ಹಿಡ್ಯಲ್ಲ ಅಂತ ಈ ತಿಂಗಳಿಗೆ ಮಾತ್ರ ಬರ್ದು ಕೊಟ್ರು. ಮುಂದಿನ ತಿಂಗಳದ್ದು ಗೊತ್ತಿಲ್ಲ. ಎಡಗಡೆ ಒಂದ್ ಸಾಲು, ಬಲಗಡೆ ಒಂದ್ ಸಾಲು ಬರ್ದೆ. ಬರೀತಿದ್ದಾಗ ಹಿಂದೆ ಮಿಷಿನ್ ಸದ್ದು ಕಮ್ಮಿ ಆಯ್ತು, ಎಲ್ರೂ ತಿರುಗಿ ಓದ್ತಿದ್ರು.

ಬುಷ್_ಪಿನ್ ಅವ್ರೆ, ಕಾಲರು ಕಫ್ಫು ಪ್ಲಾಕೆಟ್ ಮೂರೂ ಬರೋರು ಲೆಕ್ಕ ಹಾಕ್ದೆ, 170ರಲ್ಲಿ 7 ಜನ. ಗಾಬರಿ ಆಯ್ತು. ಅದ್ರಲ್ಲಿ ಇಬ್ರನ್ನ ಲೈನಿಂದ ತೆಗ್ದು ಖಾಲಿ ಇಟ್ಕೋತೀನಿ ಅಂದಿದ್ದಕ್ಕೆ ಪಿಎಂ ಒಪ್ಲಿಲ್ಲ, ಒಬ್ರಿಗೆ ಒಪ್ಪಿದಾರೆ. ಆ ಒಬ್ರು ಯಾರು ಅಂದ್ರೆ ಕಾಲರ್ ಅಕ್ಕನೇ. ಬೆಳಿಗ್ಗೆ ಬೋರ್ಡ್ ಬರಿಯೋಕೆ ಮುಂಚೆ ಅವ್ರ ಹತ್ರ ಹೋಗಿ ಓದಿ ತೋರಿಸ್ತೀನಿ, ಎಡಗಡೆ ಬರ್ದಿದ್ರಲ್ಲಿ ಒಂದೆರಡನ್ನ "ಇದ್ ನಿಂಗೆ ಗ್ಯಾರಂಟಿ ಅಂತ ಯಾರ್ ಹೇಳಿದ್ದು" ಅಂತ ಬಲಗಡೆಗೆ ತಳ್ತಾರೆ. ಇದುವರೆಗೂ ಅವ್ರು ತಳ್ಳಿದ್ದೆಲ್ಲ ಸರಿನೇ ಇತ್ತು.

ಹೆಲ್ಪರ್ ಹುಡುಗಿ ಹತ್ರ ಮಾತಾಡ್ದೆ. ಅವಳ ಮೇಲೆ ಕಿರುಚಿದ್ದು ಇಡೀ ಲೈನ್ ಎದುರು ಅಲ್ವಾ, ಅದಕ್ಕೆ ಕ್ಷಮೆನೂ ಲೈನ್ ಎದುರೇ ಕೇಳ್ದೆ. ಅವಳು ತಲೆನೇ ಎತ್ಲಿಲ್ಲ. ಮಾರ್ನೇ ದಿನ ಬಂಡಲ್ ಚೀಟಿಗೆ ಸೈಜ್ ಪ್ರಕಾರ ಬೇರೆ ಬೇರೆ ಬಣ್ಣದ ದಾರ ಕಟ್ಕೊಂಡ್ ಬಂದಿದ್ಳು, ಎಂ ಸೈಜ್‌ಗೆ ಕೆಂಪು, ಎಲ್ ಸೈಜ್‌ಗೆ ಹಳದಿ. ನಾನ್ ಹೇಳಿರ್ಲಿಲ್ಲ, ಕೆಳಗೆ ಬಿದ್ದಿರೋ ದಾರದಲ್ಲೇ ಮಾಡ್ಕೊಂಡಿದ್ದು. ಈಗ 4 ಲೈನಿಗೂ ಅದೇ ನಡೀತಿದೆ.

ಹಂಗಂತ ಎಲ್ಲ ಸರಿ ಹೋಯ್ತು ಅಂತಲ್ಲ. ಹೋದ ಗುರುವಾರ ಮತ್ತೆ ಕಿರುಚ್ದೆ, ಮೆಕ್ಯಾನಿಕ್ ಮೇಲೆ. 2ನೇ ಲೈನ್ ಇನ್ನೂ ಅರ್ಧ ಖಾಲಿ, ಹನ್ನೊಂದ್ ಜನ ಬಿಟ್ಟೋದ್ರು, ಪಕ್ಕದ ಫ್ಯಾಕ್ಟ್ರಿಗೆ. ಈಗಷ್ಟೇ ಪಿಎಂ ಮೆಸೇಜ್ ಬಂತು, ನಾಳೆ ಬೆಳಿಗ್ಗೆ ಸ್ಟೈಲ್ ಚೇಂಜು, ಯಾವ ಸ್ಟೈಲ್ ಅಂತ ಹಾಕಿಲ್ಲ. ಬಲಗಡೆ ಬರೀತೀನಿ.